ಮಾಪ್ ಎಣಿಸುವಾಗ ಸರ್ಜನ್ ಕೂಡ ಕಾಯಬೇಕು

ಆಪರೇಷನ್ ಥಿಯೇಟರ್‌ನಲ್ಲಿ ಲೀಡರ್ ಯಾರು ಅಂತ ಕೇಳಿದರೆ ಎಲ್ಲರೂ ಸರ್ಜನ್ ಕಡೆ ಕೈ ತೋರಿಸುತ್ತಾರೆ. ಅದು ಅರ್ಧ ನಿಜ ಅಷ್ಟೇ. ರೋಗಿಗೆ ಅರಿವಳಿಕೆ ಕೊಡುವ ಹೊತ್ತಿನಲ್ಲಿ ನಡೆಯುವುದು ಅನಸ್ತೇಶಿಯಾ ಡಾಕ್ಟರ್ ಮಾತು. ಅವರು ಹೂಂ ಅನ್ನುವವರೆಗೆ ಯಾರೂ ಬ್ಲೇಡ್ ಮುಟ್ಟುವ ಹಾಗಿಲ್ಲ. ಆಮೇಲೆ ಸರ್ಜನ್ ಸರದಿ. ಹೊಟ್ಟೆ ಮುಚ್ಚುವ ಮುಂಚೆ ಮಾಪ್ ಎಣಿಕೆ, ಅಂದರೆ ಒಳಗೆ ರಕ್ತ ಹೀರಲು ಬಳಸಿದ ಬಟ್ಟೆಗಳ ಎಣಿಕೆ ಬರುತ್ತದೆ. ಆಗ ನರ್ಸ್ ಹೇಳಿದ್ದೇ ಮಾತು.

ನಾನು ಮೊದಲು ಸ್ಕ್ರಬ್ ನರ್ಸ್, ಅಂದರೆ ಸರ್ಜನ್ ಪಕ್ಕ ನಿಂತು ಉಪಕರಣ ಕೈಗೆ ಕೊಡುವ ನರ್ಸ್ ಆಗಿದ್ದೆ, ಆಮೇಲೆ ಓಟಿ ಇನ್‌ಚಾರ್ಜ್ ಆದೆ. ಹೇಳಿದ್ದನ್ನು ಮಾಡುವ ಕೆಲಸ, ಹೇಳುವ ಕೆಲಸ ಎರಡೂ ಗೊತ್ತು. ಒಳ್ಳೆಯ ಲೀಡರ್ ಅಂತ ನಾನು ಒಪ್ಪಿಕೊಂಡವರೆಲ್ಲ ತಮ್ಮ ಸರದಿ ಅಲ್ಲದಾಗ ಇನ್ನೊಬ್ಬರ ಮಾತಿನಂತೆ ನಡೆಯಲು ಬಲ್ಲವರು. ಮಿಕ್ಕ ಗುಣಗಳು ಒಬ್ಬೊಬ್ಬರಲ್ಲಿ ಒಂದೊಂದು ತರಹ ಇದ್ದವು. ಕೆಲವರು ಮೃದು, ಕೆಲವರು ಸಿಡುಕು.

ಎಣಿಕೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ಒಳಗೆ ಬಳಸುವ ಮಾಪ್‌ಗಳಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಒಂದು ದಾರ ಇರುತ್ತದೆ. ಐದೈದರ ಕಟ್ಟು. ಕೊಯ್ಯುವ ಮುಂಚೆ ಎಣಿಸಿ ಬೋರ್ಡ್ ಮೇಲೆ ಬರೆಯುತ್ತೇವೆ. ಒಳಗಿನ ಪದರ ಮುಚ್ಚುವ ಮುಂಚೆ ಇನ್ನೊಮ್ಮೆ, ಚರ್ಮ ಹೊಲಿಯುವಾಗ ಮತ್ತೊಮ್ಮೆ. ಸ್ಕ್ರಬ್ ನರ್ಸ್ ಮತ್ತು ಓಡಾಡಿ ಬೇಕಾದ್ದನ್ನು ತಂದುಕೊಡುವ ಸರ್ಕ್ಯುಲೇಟಿಂಗ್ ನರ್ಸ್ ಇಬ್ಬರೂ ಕಣ್ಣಲ್ಲಿ ನೋಡುತ್ತಾ, ಬಾಯಿಬಿಟ್ಟು ಎಣಿಸಬೇಕು. ಮನಸ್ಸಿನಲ್ಲೇ ಎಣಿಸಿದ್ದು ಲೆಕ್ಕಕ್ಕಿಲ್ಲ.

ಒಮ್ಮೆ ಹೊಟ್ಟೆಯ ದೊಡ್ಡ ಸರ್ಜರಿ. ಎಲ್ಲರಿಗೂ ಸುಸ್ತು. ಮುಚ್ಚುವ ಸೂಜಿ ಆಗಲೇ ನೀಡಲ್ ಹೋಲ್ಡರ್‌ನಲ್ಲಿ ಸಿದ್ಧ. ಎಣಿಸಿದರೆ ಒಂದು ಬರಲಿಲ್ಲ.

“ಸರ್, ಒಂದು ಮಾಪ್ ಕಮ್ಮಿ ಇದೆ.”

ಅವರು ನೀಡಲ್ ಹೋಲ್ಡರನ್ನು ಟ್ರಾಲಿ ಮೇಲೆ ವಾಪಸ್ ಇಟ್ಟರು. “ನೀವು ಹೇಳೋವರೆಗೆ ಮುಚ್ಚಲ್ಲ ಸಿಸ್ಟರ್. ನಾನು ಒಳಗೆ ನೋಡ್ತೀನಿ, ನೀವು ಹೊರಗೆ ನೋಡಿ,” ಅಂದರು. ಅವರು ಕೈಯಾಡಿಸಿ ಹುಡುಕುತ್ತಿದ್ದರೆ ಇತ್ತ ಸರ್ಕ್ಯುಲೇಟಿಂಗ್ ಸಿಸ್ಟರ್ ಬಕೆಟ್‌ನಲ್ಲಿದ್ದದ್ದನ್ನೆಲ್ಲ ನೆಲದ ಶೀಟ್ ಮೇಲೆ ಹರಡಿ ಬಿಡಿಸಿದರು. ರಕ್ತದಲ್ಲಿ ನೆನೆದ ಎರಡು ಮಾಪ್ ಅಂಟಿಕೊಂಡು ಒಂದೇ ಹಾಗೆ ಕಾಣುತ್ತಿತ್ತು. ಸಿಕ್ಕಿತಲ್ಲ ಅಂತ ಬಿಡಲಿಲ್ಲ, ಮೊದಲಿಂದ ಪೂರ್ತಿ ಎಣಿಸಿದೆವು. “ಸರಿ ಇದೆ ಸರ್” ಅಂದ ಮೇಲೆ ಅವರು ಸೂಜಿ ಎತ್ತಿದರು. ಇಷ್ಟಕ್ಕೆ ಇಷ್ಟು ಹೊತ್ತು ಹೋಯ್ತಾ ಅನ್ನುವ ಮುಖವನ್ನೂ ಮಾಡಲಿಲ್ಲ.

ಇನ್ನೊಬ್ಬರು ಸರ್ಜನ್ ಇದ್ದರು. ಕೈಚಳಕದಲ್ಲಿ ಇವರಿಗಿಂತ ಒಂದು ಕೈ ಮೇಲೇ. ಕಮ್ಮಿ ಇದೆ ಅಂದರೆ ಹೊಲಿಯುತ್ತಲೇ “ಸರಿಯಾಗಿ ಎಣಿಸ್ರಿ, ಇರುತ್ತೆ” ಅನ್ನುತ್ತಿದ್ದರು. ಅವರ ಥಿಯೇಟರ್‌ನಲ್ಲಿ ನಮ್ಮ ಜೂನಿಯರ್‌ಗಳ ಗಂಟಲೇ ಏಳುತ್ತಿರಲಿಲ್ಲ. ಅದೇ ಹುಡುಗಿಯರು, ಅದೇ ಟ್ರೇ. ಬದಲಾಗಿದ್ದದ್ದು ಒಬ್ಬರೇ ಅಲ್ವಾ?

ತರಬೇತಿಯಲ್ಲಿ ನಮಗೆ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ನಡೆದ ವಿಮಾನ ಅಪಘಾತದ ಬಗ್ಗೆ ಹೇಳಿಕೊಟ್ಟರು. 1977ರ ಮಾರ್ಚ್ 27ರಂದು ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಟೇಕಾಫ್‌ಗೆ ಓಡುತ್ತಿದ್ದ ಕೆಎಲ್‌ಎಂ ಕಂಪನಿಯ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ವಾ ಅಂತ ಕೇಳಿದರು. ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅವರು ಆ ಕಂಪನಿಯ ಹಿರಿಯ ತರಬೇತುದಾರ. ಮಾತು ಅಲ್ಲಿಗೆ ನಿಂತಿತು. ಇಂಥ ಅಪಘಾತಗಳ ನಂತರವೇ, 1980ರ ದಶಕದಿಂದ, ಕೇಳಿಸಿಕೊಳ್ಳುವುದನ್ನು ಕ್ಯಾಪ್ಟನ್‌ಗಳಿಗೂ ಬಾಯಿಬಿಟ್ಟು ಹೇಳುವುದನ್ನು ಉಳಿದವರಿಗೂ ವಿಮಾನ ಕಂಪನಿಗಳು ಕಲಿಸತೊಡಗಿದವು. ಅದೇ ಪಾಠ ನಿಧಾನಕ್ಕೆ ಓಟಿಗೂ ಬಂತು.

ಇದನ್ನು ಕೇಳಿದವರೆಲ್ಲ ಕ್ಯಾಪ್ಟನ್ನನ್ನು ಬೈಯುತ್ತಾರೆ. ನನಗೆ ಮನಸ್ಸಿನಲ್ಲಿ ಉಳಿದದ್ದು ಎಂಜಿನಿಯರ್ ಕೇಳಿದ ಪ್ರಶ್ನೆ. ಪ್ರಶ್ನೆಗೆ ‘ಹೌದು’ ಅಂದುಬಿಟ್ಟರೆ ಅದು ಮುಗಿದೇಹೋಗುತ್ತೆ. ಅದಕ್ಕೇ ಜೂನಿಯರ್‌ಗಳಿಗೆ ಹೀಗೆ ಹೇಳಿಕೊಡುತ್ತೇನೆ: ಕೇಳಬೇಡ, ಕಂಡದ್ದನ್ನು ಹೇಳು. ‘ಎಣಿಕೆ ಸರಿ ಇದೆಯಾ ಸರ್’ ಅನ್ನಬೇಡ, ‘ಒಂದು ಕಮ್ಮಿ ಇದೆ’ ಅನ್ನು. ಕೇಳಿಸದಿದ್ದರೆ ಹೆಸರು ಹಿಡಿದು, ಸ್ವಲ್ಪ ಜೋರಾಗಿ ಇನ್ನೊಮ್ಮೆ ಹೇಳು. ಆಗಲೂ ಕೈ ನಿಲ್ಲದಿದ್ದರೆ ‘ನಿಲ್ಲಿಸಿ’ ಅನ್ನು, ನನ್ನನ್ನು ಕರಿ. ಬೈಗುಳ ಬಂದರೆ ಅದು ನನ್ನ ಪಾಲಿಗಿರಲಿ. ಈ ಕೊನೆಯ ಮಾತನ್ನು ನಿಜವಾಗಿಯೂ ನಡೆಸಿಕೊಡಬೇಕು, ಇಲ್ಲದಿದ್ದರೆ ಮೊದಲಿನದೆಲ್ಲ ಸುಮ್ನೆ ಉಪದೇಶ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಕೊಯ್ಯುವ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿರಬೇಕು ಅನ್ನುವುದು ಅದರಲ್ಲೊಂದು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಚೆಕ್‌ಲಿಸ್ಟ್ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ದಿನಾ ನೋಡುವ ಮುಖಗಳಿಗೆ ಹೆಸರು ಹೇಳುವುದು ನಾಟಕ ಅನಿಸಬಹುದು. ಆದರೆ ಒಂದು ಸಲ ದನಿ ತೆಗೆದವರಿಗೆ ಎರಡನೇ ಸಲ ತೆಗೆಯುವುದು ಸುಲಭ. ಎಲ್ಲ ಮುಗಿದ ಮೇಲೆ ಕೂತು ಟಿಕ್ ಹಾಕುವುದಾದರೆ ಆ ಕಾಗದ ದಂಡ.

ಹಾಗಂತ ಎಲ್ಲ ಹೊತ್ತಿನಲ್ಲೂ ಚರ್ಚೆ ಮಾಡಲಾಗುವುದಿಲ್ಲ. ರಕ್ತ ಚಿಮ್ಮುತ್ತಿರುವಾಗ ಒಬ್ಬರ ದನಿ ಸಾಕು. “ಯಾರಾದ್ರೂ ಬ್ಲಡ್ ತರಿಸಿ” ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೆಸರು ಹಿಡಿದು “ಎರಡು ಯೂನಿಟ್ ಬ್ಲಡ್ ತರಿಸಿ” ಅನ್ನಬೇಕು. ಆಕೆ “ಎರಡು ಯೂನಿಟ್, ಫೋನ್ ಮಾಡ್ತಿದೀನಿ” ಅಂತ ತಿರುಗಿ ಹೇಳಬೇಕು, ಬಂದ ಮೇಲೆ “ಬಂತು” ಅನ್ನಬೇಕು. ಹೇಳಿದ್ದನ್ನು ತಿರುಗಿ ಹೇಳುವುದು ವಿಧೇಯತೆಗಲ್ಲ. ಗಲಾಟೆಯಲ್ಲಿ ಎರಡು ಅನ್ನುವುದು ಹತ್ತು ಅಂತ ಕೇಳಿಸಿದ್ದರೆ ಅಲ್ಲೇ ಗೊತ್ತಾಗಲಿ ಅಂತ.

ಒಪ್ಪಿಗೆಯಿಲ್ಲದ ನಿರ್ಧಾರವನ್ನು ಪಾಲಿಸುವುದು ಇದೆಲ್ಲಕ್ಕಿಂತ ಕಷ್ಟ. ನನ್ನ ಹಿಂದಿನ ಇನ್‌ಚಾರ್ಜ್ ಮೇಡಂ ಒಮ್ಮೆ ಎಲ್ಲ ಟ್ರಾಲಿಗಳ ಜೋಡಣೆ ಬದಲಾಯಿಸಿದರು. ನನಗೆ ಹಿಡಿಸಲಿಲ್ಲ. ಮೀಟಿಂಗ್‌ನಲ್ಲೇ ಹೇಳಿದೆ, ಕಾರಣವನ್ನೂ ಕೊಟ್ಟೆ. ಅವರು ಪೂರ್ತಿ ಕೇಳಿ, “ಆದರೂ ಮಾಡಿ ನೋಡೋಣ” ಅಂದರು. ಆಮೇಲೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಗೊಣಗಲಿಲ್ಲ, ನನ್ನ ಟ್ರಾಲಿಯನ್ನು ಅವರು ಹೇಳಿದ ಹಾಗೇ ಜೋಡಿಸಿದೆ. ಅರ್ಧ ಮನಸ್ಸಿನಿಂದ ಮಾಡಿದ್ದರೆ, ಕೆಟ್ಟದ್ದು ಅವರ ಪದ್ಧತಿಯಿಂದಲೋ ನಮ್ಮ ಮುನಿಸಿನಿಂದಲೋ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲರೂ ಸರಿಯಾಗಿ ಮಾಡಿದ್ದರಿಂದ ಎಲ್ಲಿ ತೊಡಕಾಗುತ್ತಿದೆ ಅನ್ನುವುದು ಅವರಿಗೇ ಕಂಡಿತು. ಒಂದಷ್ಟು ಉಳಿಸಿಕೊಂಡರು, ಒಂದಷ್ಟು ತಾವೇ ಬಿಟ್ಟರು.

ಈಗ ನಾನು ರಜೆ ಹಾಕುವಾಗ ಯಾರಿಗೆ ಚಾರ್ಜ್ ಕೊಡಬೇಕು ಅಂತ ಯೋಚಿಸಬೇಕಾಗುತ್ತೆ. ಜೋರಾಗಿ ಮಾತಾಡುವವರನ್ನು ಹುಡುಕುವುದಿಲ್ಲ. ಬೇರೆಯವರ ಕೈಕೆಳಗೆ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುತ್ತೇನೆ. ಅರ್ಥವಾಗದ್ದನ್ನು ತಿರುಗಿ ಕೇಳುತ್ತಾರಾ? ತಪ್ಪು ಕಂಡರೆ ಅಲ್ಲೇ ಹೇಳುತ್ತಾರಾ, ಇಲ್ಲಾ ಹೊರಗೆ ಬಂದು ಆಡಿಕೊಳ್ಳುತ್ತಾರಾ? ಹೋದ ಸಲ ಚಾರ್ಜ್ ಕೊಟ್ಟದ್ದು ಎಲ್ಲರಿಗಿಂತ ಚಿಕ್ಕವಳಿಗೆ. ಉಪಕರಣದ ಟ್ರೇ ಸ್ಟೆರಿಲೈಸರ್‌ಗೆ ಹೋಗಿ ಬಂದಿದ್ದರೆ ಅದರ ಮೇಲಿನ ಟೇಪ್ ಬಣ್ಣ ಬದಲಾಗಿರಬೇಕು. ಹಿಂದಿನ ವಾರವಷ್ಟೇ ಅವಳು ನನ್ನನ್ನೇ ತಡೆದು, “ಮೇಡಂ, ಈ ಟ್ರೇದು ಸ್ಟೆರಿಲೈಸೇಷನ್ ಟೇಪ್ ಬಣ್ಣ ಬದಲಾಗಿಲ್ಲ” ಅಂದಿದ್ದಳು.