ಮಗು ಬೇಕಾ? ಮೊದಲು ರಾತ್ರಿಪಾಳಿ ಇತ್ಯರ್ಥ ಮಾಡಿಕೊಳ್ಳಿ

"ಮಗು ಬೇಕಾ, ಬೇಡವಾ" ಅಂತ ಸುಮ್ಮನೆ ಚರ್ಚೆಗೆ ಕೂತರೆ ಮಾತು ಮುಗಿಯುವುದೇ ಇಲ್ಲ. ನಾನೂ ನನ್ನವಳೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು: ರಾತ್ರಿ ಏಳುವವರು ಯಾರು, ಯಾರ ಕೆಲಸ ಎಷ್ಟು ದಿನ ನಿಲ್ಲುತ್ತದೆ, ದುಡ್ಡು ಎಲ್ಲಿಂದ? ಉತ್ತರ ತಾಳೆಯಾಗದ ಕಡೆಯೇ ಮಾತಾಡಬೇಕಾದ್ದು. ನೆಂಟರ ಆತುರಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಬೇಕು ಅಂತಾದರೆ, ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕೇಳಿ ಫೋಲಿಕ್ ಆಮ್ಲದ (ಒಂದು ಬಗೆಯ ಬಿ ವಿಟಮಿನ್) ಮಾತ್ರೆ ಶುರುಮಾಡಿ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ.

ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಹಾಲೂಡಿಸುವುದು ಅಮ್ಮನ ಪಾಲಾದರೆ ತೇಗು ಬರಿಸುವುದು, ಒದ್ದೆಬಟ್ಟೆ ಬದಲಿಸುವುದು, ಮಲಗಿಸುವುದು ಅಪ್ಪನದು. ಬೆನ್ನು ತಟ್ಟುವಾಗ ಹೆಗಲ ಮೇಲೊಂದು ಬಟ್ಟೆ ಇರಲಿ, ಕಕ್ಕುವುದಂತೂ ಖಾತ್ರಿ! ಬಾಣಂತಿಯ ಅಳು, ಮಂಕು ಎರಡು ವಾರ ದಾಟಿದರೆ "ಸರಿಹೋಗುತ್ತೆ ಬಿಡು" ಅನ್ನದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.