ಎಣ್ಣೆ ಕೆನ್ನೆ ಬಿಟ್ಟ ಮೇಲೆ ಪ್ಲೇಟ್ ನಿಂತಿತು

ಕಳೆದ ತಿಂಗಳು, ನಾನು ಪ್ಲೇಟ್ ಹಾಕಿ ನೋಡಿಕೊಂಡ ಹದಿನಾಲ್ಕನೇ ಸೀಳುತುಟಿ ಕೂಸಿಗೆ ತುಟಿ ಹೊಲಿಗೆ ಆಯಿತು. ಬಂದಾಗ ವಸಡಿನ ಸೀಳು 12 ಮಿ.ಮೀ. ಹತ್ತಿರ ಇತ್ತು. ಆಪರೇಷನ್ ದಿನ 3 ಮಿ.ಮೀ. ಕೂಡ ಇರಲಿಲ್ಲ. "ರಾಣೆಬೆನ್ನೂರಲ್ಲಿ ಕೂತು ನ್ಯಾಮ್ ಮಾಡ್ತೀರಾ? ಸುಮ್ನೆ ದಂಡ" ಅಂದಿದ್ದ ಸರ್ಜನ್ನೇ ಈಗ ಫೋನ್ ಮಾಡಿ ಮುಂದಿನ ಮಗು ಯಾವಾಗ ಅಂತ ಕೇಳುತ್ತಾರೆ. ಬರೆಯುವ ಧೈರ್ಯ ಬಂದದ್ದು ಅದರಿಂದಲೇ. ನ್ಯಾಮ್ ಅಂದರೆ ಆಪರೇಷನ್‌ಗೆ ಮೊದಲು ಕೂಸಿನ ಬಾಯಲ್ಲಿ ಪ್ಲೇಟ್ ಇಟ್ಟು, ಕೆನ್ನೆಗೆ ಟೇಪ್ ಹಚ್ಚಿ ನಿಲ್ಲಿಸಿ, ವಸಡಿನ ಸೀಳನ್ನು ಕಿರಿದು ಮಾಡಿ ಮೂಗು ತಿದ್ದುವ ವಿಧಾನ.

ಅವರ ಅನುಮಾನ ಸುಳ್ಳಾಗಿರಲಿಲ್ಲ. ಗ್ರೇಸನ್ ಮತ್ತು ಕಟಿಂಗ್ ಎಂಬ ಡಾಕ್ಟರುಗಳು ನ್ಯೂಯಾರ್ಕಿನಲ್ಲಿ ರೂಪಿಸಿದ ಈ ವಿಧಾನದಲ್ಲಿ ಪ್ಲೇಟ್ ತಿದ್ದಿಸಿಕೊಳ್ಳಲು ಮಗು ವಾರವಾರ ಕುರ್ಚಿಗೆ ಬರಬೇಕು. ನಮ್ಮಲ್ಲಿ ಬಾಣಂತಿ ಒಬ್ಬಳೇ ಬಸ್ ಹತ್ತುವ ಹಾಗಿಲ್ಲ. ಜೊತೆಗೆ ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಹತ್ತಿ ಬೀಜದ ಕ್ರಾಸಿಂಗ್ ಶುರುವಾದರಂತೂ ಯಾರ ಕೈಯೂ ಖಾಲಿ ಇರುವುದಿಲ್ಲ. ಮೊದಲ ಐದು ಮಕ್ಕಳಲ್ಲಿ ಇಬ್ಬರು ಮೂರನೇ ಭೇಟಿಗೇ ನಾಪತ್ತೆ.

ಉಳಿದ ಮೂವರಲ್ಲಿ ಸೋತದ್ದು ನಾನೇ. 2018ರ ಮೊದಲ ಮಗುವಿಗೆ ನಲವತ್ತು ದಿನದಲ್ಲಿ ಮೂರು ಪ್ಲೇಟ್ ಮಾಡಿದೆ, ಒಂದೂ ಬಾಯಲ್ಲಿ ನಿಲ್ಲಲಿಲ್ಲ. ಟೇಪಿನ ಎಲಾಸ್ಟಿಕ್ ಸಿಕ್ಕಿಸಲು ಪ್ಲೇಟಿನಿಂದ ಬಾಯಿ ಹೊರಗೆ ಚಾಚುವ ಬಟನ್ನಿನ ಕೋನ ತಪ್ಪಿದೆ ಅಂದುಕೊಂಡು 40ರಿಂದ 45 ಡಿಗ್ರಿಗೆ ತಂದೆ. ಎಲಾಸ್ಟಿಕ್ ಬದಲಿಸಿದೆ. ದಪ್ಪ ಟೇಪ್ ತರಿಸಿದೆ. ಕೆನ್ನೆ ಕೆಂಪಾಗಿ ಗುಳ್ಳೆ ಎದ್ದವೇ ಹೊರತು ಪ್ಲೇಟ್ ನಿಲ್ಲಲಿಲ್ಲ. ಎರಡನೇ ಮಗುವಿಗೆ ಅವಸರ ಮಾಡಿ, ಸೀಳು ಇನ್ನೂ 8 ಮಿ.ಮೀ. ಇರುವಾಗಲೇ ಮೂಗಿನ ಸ್ಟೆಂಟ್, ಅಂದರೆ ಹೊಳ್ಳೆ ಎತ್ತುವ ತಂತಿ, ಏರಿಸಿದೆ. ಹೊಳ್ಳೆ ಮೇಲೇಳುವ ಬದಲು ಅಗಲವಾಯಿತು. ಸರ್ಜನ್ ಬೈದರು, ಬೈಸಿಕೊಳ್ಳಬೇಕಾದ್ದೇ. ಈಗ 5ಕ್ಕೆ ಇಳಿಯುವವರೆಗೆ ತಂತಿ ಮುಟ್ಟುವುದಿಲ್ಲ.

ಮೂರನೇ ಮಗುವೂ ಪ್ಲೇಟ್ ಉಗುಳುತ್ತಿತ್ತು. ಒಂದು ಭಾನುವಾರ ಬೈಕ್ ಹತ್ತಿ ಅವರ ಊರಿಗೇ ಹೋದೆ. ಬಚ್ಚಲಲ್ಲಿ ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದರು. ಎದೆ, ಬೆನ್ನು, ಆಮೇಲೆ ಎರಡೂ ಹೆಬ್ಬೆರಳಿನಿಂದ ಕೆನ್ನೆ. ಎರೆದು, ಒರೆಸಿ, ಧೂಪ ಹಾಕಿ, ಕೊನೆಗೆ ದೃಷ್ಟಿ ಆಗಬಾರದೆಂದು ಕಾಡಿಗೆ ಬೊಟ್ಟು. ಅದೂ ಸರಿಯಾಗಿ ಕೆನ್ನೆ ಮೇಲೆ ನನ್ನ ಬೇಸ್ ಟೇಪ್ (ಎಲ್ಲಕ್ಕೂ ಅಡಿಯ ಟೇಪ್) ಕೂರುವ ಜಾಗದಲ್ಲಿ! ಎರಡು ವರ್ಷ ಕೋನ, ಎಲಾಸ್ಟಿಕ್ ಅಂತ ತಲೆ ಕೆಡಿಸಿಕೊಂಡವನಿಗೆ ಅಲ್ಲೇ ನಗು ಬಂತು. ಎಣ್ಣೆ ಕುಡಿದ ಚರ್ಮದ ಮೇಲೆ ಯಾವ ಕಂಪನಿ ಟೇಪ್ ನಿಂತೀತು?

ಅವತ್ತಿನಿಂದ ನಮ್ಮ ನಿಯಮ: ಎಣ್ಣೆ ಕುತ್ತಿಗೆಯಿಂದ ಕೆಳಗೆ, ಬೊಟ್ಟು ಅಂಗಾಲಿಗೆ. ಎಣ್ಣೆ ಬಿಡಿ ಅಂದರೆ ಯಾರೂ ಕೇಳುತ್ತಿರಲಿಲ್ಲ, ಜಾಗ ಬದಲಿಸಿ ಅಂದರೆ ಕೇಳುತ್ತಾರೆ.

ಟೇಪ್ ಕೆಲಸವನ್ನು ತಾಯಿಯಿಂದ ತೆಗೆದು ಅಜ್ಜಿಗೆ ಕೊಟ್ಟದ್ದೂ ಆಗಲೇ. ಸೀಳು ನೋಡಿದರೆ ತಾಯಿಯ ಕೈ ನಡುಗುತ್ತದೆ. ಆರು ಮಕ್ಕಳನ್ನು ಎರೆದ ಕೈ ನಡುಗುವುದಿಲ್ಲ. "ಡಾಕ್ಟ್ರ, ನೀವು ಹಚ್ಚಿದ್ದು ಊರು ಮುಟ್ಟೂದ್ರಾಗ ಕಿತ್ತು ಬರ್ತೈತ್ರಿ. ನಾ ಹಚ್ಚಿದ್ದು ನೋಡ್ರಿ, ಮೂರು ದಿನ ಆತು" ಅಂದರು ಅದೇ ಅಜ್ಜಿ. ಹಾಲು ಕುಡಿದು ನಿದ್ದೆಗೆ ಜಾರಿದಾಗ, ಟೇಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಚ್ಚುತ್ತಿದ್ದರು. ತೆಗೆಯುವಾಗ ಬಿಸಿನೀರಿನ ಅರಿವೆ. ಗ್ರಹಣದಲ್ಲಿ ಸೊಸೆ ಕಾಯಿಪಲ್ಲೆ ಹೆಚ್ಚಿದ್ದಕ್ಕೆ ಹೀಗಾಯಿತು ಅನ್ನುವವರೂ ಇವರೇ. ಮೊದಲು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆ. ಈಗ ಸೊಸೆ ಎದುರಿಗೆ "ಅದಲ್ಲ ಕಾರಣ" ಅಂತ ಒಂದೇ ಮಾತು ಹೇಳಿ, ಅತ್ತೆಯ ಕೈಗೆ ಟೇಪ್ ಕೊಡುತ್ತೇನೆ.

ಇನ್ನು ವಾರವಾರ ಬರುವ ತೊಂದರೆ. ಹದಿನೈದು ದಿನಕ್ಕೊಮ್ಮೆ ಕರೆದು ಒಂದೇ ಸಲ ಪ್ಲೇಟಿನ ಒಂದು ಕಡೆ 2 ಮಿ.ಮೀ. ಅಕ್ರಿಲಿಕ್ ಉಜ್ಜಿ, ಇನ್ನೊಂದು ಕಡೆ ಅಷ್ಟೇ ಸಾಫ್ಟ್ ಲೈನರ್ (ಮೆತ್ತನೆ ಪದರ) ಹಾಕಿ ನೋಡಿದೆ. ವಸಡಿನಲ್ಲಿ ಹುಣ್ಣಾಗಿ ಮಗು ಎರಡು ದಿನ ಹಾಲು ಬಿಟ್ಟಿತು. ಹಾಗೆ ಮಾಡಬೇಡಿ. ಈಗ ಪ್ರತಿ ಭೇಟಿಗೆ ಎರಡು ಪ್ಲೇಟ್ ಕೊಡುತ್ತೇನೆ. ಮೊದಲನೆಯದು ವಸಡು ಈಗ ಹೇಗಿದೆಯೋ ಹಾಗೇ ಇರುವ ಮಾಡೆಲ್ (ಅಚ್ಚು) ಮೇಲೆ ಮಾಡಿದ್ದು. ಎರಡನೆಯದು, ನಕಲು ಮಾಡೆಲನ್ನು ಕೊಯ್ದು, ವಸಡಿನ ತುಂಡನ್ನು ಮೇಣದಲ್ಲಿ 1 ಮಿ.ಮೀ. ಸರಿಸಿ ಮಾಡಿದ್ದು. ಒಂದಕ್ಕೆ ಕೆಂಪು ನೇಲ್ ಪಾಲಿಶ್, ಇನ್ನೊಂದಕ್ಕೆ ಹಸಿರು. ಎಂಟನೇ ದಿನ ವಾಟ್ಸಾಪ್ ವಿಡಿಯೋದಲ್ಲಿ ವಸಡು ತೋರಿಸಿ, ನಾನು ಹೂಂ ಅಂದ ಮೇಲೆ ಹಸಿರು. ಉಸಿರಿನ ತೂತು ಎರಡರಲ್ಲೂ ಇರಲೇಬೇಕು. ತುಂಡನ್ನು ಯಾವ ದಿಕ್ಕಿಗೆ ಎಷ್ಟು ತಿರುಗಿಸಬೇಕು ಅನ್ನುವುದರಲ್ಲೇ ನನ್ನ ಕೈಚಳಕ ಇರುವುದು. ಅದನ್ನು ಬರೆಯುವುದಿಲ್ಲ, ಬಂದರೆ ಚಹಾ ಕುಡಿಸಿ ತೋರಿಸುತ್ತೇನೆ.

ಇಂಪ್ರೆಶನ್, ಅಂದರೆ ಪುಟ್ಟಿ ಇಟ್ಟು ಬಾಯಿಯ ಅಚ್ಚು, ಮಾತ್ರ ಕ್ಲಿನಿಕ್ಕಿನಲ್ಲಿ ತೆಗೆಯುವುದಿಲ್ಲ. ಎಷ್ಟೇ ಅನುಭವ ಇರಲಿ, ಸಕ್ಷನ್, ಆಮ್ಲಜನಕ, ಅರಿವಳಿಕೆ ಡಾಕ್ಟರು ಪಕ್ಕದಲ್ಲಿ ಇರುವ ಆಪರೇಷನ್ ಥಿಯೇಟರೇ ಆಗಬೇಕು. ಪುಟ್ಟಿ ಬಾಯಲ್ಲಿರುವಾಗ ಮಗು ಅಳುತ್ತಿದ್ದರೆ ಉಸಿರು ನಡೆದಿದೆ ಅಂತ ನನಗೆ ಸಮಾಧಾನ. ಅಳು ನಿಂತರೆ ನನ್ನ ಎದೆ ನಿಲ್ಲುತ್ತದೆ. ನಡುವೆ ಅಚ್ಚಿನ ಬದಲಿಗೆ, ಕಂಪನಿಯವರು ಡೆಮೊಗೆ ತಂದ ಬಾಯಿ ಸ್ಕ್ಯಾನರ್ ಇಟ್ಟು ನೋಡಿದೆ. ಇಪ್ಪತ್ತು ದಿನದ ಕೂಸಿನ ಬಾಯಿಗೆ ಅದರ ಮೂತಿಯೇ ಹಿಡಿಸಲಿಲ್ಲ. ಬೆಲೆ ಕೇಳಿ ನನ್ನ ಬಾಯಿ ತೆರೆದದ್ದೇ ಬಂತು.

ಹಾಲಿನ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ಒತ್ತಿ ಕುಡಿಸುವ ಮೆತ್ತನೆ ಬಾಟಲಿ ತರಿಸಿ ಮೂರು ಮನೆಗೆ ಕೊಟ್ಟೆ. ಎರಡು ಮನೆಯಲ್ಲಿ ಅದು ಅಟ್ಟ ಸೇರಿತು, ಒಳಲೆ ಹೊರಗೆ ಬಂತು. ತಲೆ ಎತ್ತರಿಸಿ ಸ್ವಲ್ಪ ಸ್ವಲ್ಪ ಕುಡಿಸಿದರೆ ಒಳಲೆಯೇ ಸಾಕು. ಸರ್ಜನ್‌ಗೆ ಬೇಕಾದ ನಾಲ್ಕೂವರೆ ಕೆಜಿ ತೂಕ ಹತ್ತು ಹನ್ನೆರಡು ವಾರದಲ್ಲಿ ಆಗಿಬಿಡುತ್ತದೆ. ಹಿಮೋಗ್ಲೋಬಿನ್ 10 ಮಾತ್ರ ಕೆಲವರಲ್ಲಿ ತಡ.

ದುಡ್ಡಿನ ಮಾತು. ಸ್ಮೈಲ್ ಟ್ರೇನ್ ಎಂಬ ಸಂಸ್ಥೆಯ ನೆರವಿನಿಂದ ನಮ್ಮ ಮಕ್ಕಳಿಗೆ ಆಪರೇಷನ್ ಉಚಿತವಾಗಿ ಆಗುತ್ತದೆ. ನನ್ನ ಪ್ಲೇಟಿಗೆ ಕೊಡುವವರು ಇರಲಿಲ್ಲ. ಒಂದು ಮಗುವಿಗೆ ಸುಮಾರು ನಾಲ್ಕು ಸಾವಿರ ಬೀಳುತ್ತದೆ, ಅರ್ಧ ಬರೀ ಟೇಪಿಗೆ. ಬೇಸ್ ಟೇಪಿಗೆ ಬೇಕಾದ ಹೈಡ್ರೋಕೊಲಾಯ್ಡ್ ಹಾಳೆ ದುಬಾರಿ. ಎಂಟು ತುಂಡು ಮಾಡಿದರೆ ತಿಂಗಳು ನೂಕಬಹುದು. ಮೊದಲ ಎರಡು ವರ್ಷದಲ್ಲಿ ಮೂವತ್ತು ಸಾವಿರದಷ್ಟು ಕೈಯಿಂದ ಹೋಯಿತು. "ಕ್ಲಿಪ್ ಹಾಕಿಸಿಕೊಳ್ಳೋ ಕಾಲೇಜು ಹುಡುಗರ ದುಡ್ಡೆಲ್ಲ ಕೂಸುಗಳ ಕೆನ್ನೆಗೆ ಅಂಟಿಸ್ತೀರಿ" ಅಂತ ಲೆಕ್ಕ ಬರೆಯುವ ಹೆಂಡತಿಯ ದೂರು. ಈಗ ಸಾವಿರ ತಗೊಳ್ತೇನೆ, ಅದೂ ಇದ್ದವರ ಹತ್ತಿರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿ, ಅಜ್ಜಿ ಇಬ್ಬರಿಗೂ ಬಸ್ ಚಾರ್ಜಿಲ್ಲ. ಅದಾದ ಮೇಲೆ ಭೇಟಿ ತಪ್ಪಿಸಿದವರು ಒಬ್ಬರೋ ಇಬ್ಬರೋ.

ಜಾಸ್ತಿ ಜಂಬ ಪಡುವ ಹಾಗೂ ಇಲ್ಲ. ಎತ್ತಿದ ಹೊಳ್ಳೆ ವರ್ಷ ಕಳೆದಂತೆ ಸ್ವಲ್ಪ ಕುಸಿಯುತ್ತದೆ, ನಮ್ಮ ಇಬ್ಬರು ಮಕ್ಕಳಲ್ಲಿ ಕಣ್ಣಾರೆ ಕಂಡಿದ್ದೇನೆ. ಎರಡೂ ಕಡೆ ಸೀಳಿದ್ದರೆ ನನ್ನ ಎರಡು ಪ್ಲೇಟಿನ ಆಟ ಇನ್ನೂ ನಡೆದಿಲ್ಲ. ಈಗೊಂದು ಅಂಥ ಕೂಸಿದೆ, ಹಿರೇಕೆರೂರು ಕಡೆಯದು. ಮುಂದಿನ ದವಡೆ ತುಂಡು ಮೂಗಿನ ತುದಿಗೆ ಅಂಟಿದ ಹಾಗೆ ಚಾಚಿದೆ. ಐದು ವಾರದಲ್ಲಿ ಒಂದೂವರೆ ಮಿ.ಮೀ. ಹಿಂದೆ ಸರಿದಿರಬಹುದು ಅಷ್ಟೇ. ಮಂಗಳವಾರ ಬರುತ್ತದೆ. ಈ ಸಲ ಎರಡು ಬಟನ್ ಹಾಕಿ ನೋಡಬೇಕು.