ಮಾಯದ ಬಾಯಿಹುಣ್ಣು, ಒಪ್ಪದ ಅಪ್ಪಯ್ಯ: ವೈದ್ಯರ ಬಳಿಗೆ ಹೊರಡಿಸುವುದು ಹೇಗೆ?

ನನ್ನ ದೊಡ್ಡಪ್ಪನ ವಿಷಯದಲ್ಲಿ ಮೊದಲು ಸುಳಿವು ಕೊಟ್ಟದ್ದು ಉಪ್ಪಿನಕಾಯಿ. ಅಪ್ಪೆಮಿಡಿ ಇಲ್ಲದೆ ಊಟ ಮುಗಿಸದವರು ಆ ಮಿಡಿಯನ್ನು ಬೆರಳಿನಿಂದ ಬಾಳೆಎಲೆಯ ತುದಿಗೆ ಸರಿಸಿ, ಮಜ್ಜಿಗೆ ಅನ್ನವನ್ನು ಬಲದವಡೆಯಲ್ಲಷ್ಟೇ ಅಗಿಯುತ್ತಿದ್ದರು. ವರ್ಷಗಳಿಂದ ಎಡಗೆನ್ನೆಯಲ್ಲಿ ಇರುತ್ತಿದ್ದ ಕವಳವೂ (ಎಲೆಅಡಿಕೆ) ಬಲಗೆನ್ನೆಗೆ ಬಂದಿತ್ತು. ಕೇಳಿದರೆ, “ಉಷ್ಣ ಆಗಿದೆ, ಎರಡು ಎಳನೀರು ಕುಡಿದರೆ ಹೋಗ್ತದೆ” ಎಂಬ ಉತ್ತರ. ಅವರನ್ನು ವೈದ್ಯರ ಎದುರು ಕೂರಿಸಲು ನಮಗೆ ಎರಡೂವರೆ ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ಬರೀ ವಾದದಲ್ಲಿ ಕಳೆಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ದಿನ, ಗಾಡಿ ಮತ್ತು ತೋಟದ ಕೆಲಸವನ್ನು ಹೊಂದಿಸಿದ ಏರ್ಪಾಡು. ಸಾಗರ, ಸಿರ್ಸಿ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಪಡಿಪಾಟಲು ಇರುವುದರಿಂದ ಆ ಅನುಭವವನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ನೋಡಿ, ಬರೆದಿಡಿ

ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಎರಡು ವಾರ ದಾಟಿಯೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು, ನುಂಗುವಾಗ ನೋವು, ಖಾರ ತಾಗಿದರೆ ತಡೆಯಲಾಗದ ಉರಿ, ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮಾಡಿಸಲೇಬೇಕು. ಅಡಿಕೆ ಅಗಿಯುವವರಲ್ಲಿ ಬಾಯಿ ತೆರೆಯುವ ಅಳತೆ ನಿಧಾನವಾಗಿ ಕಡಿಮೆಯಾಗುವುದೂ ಉಂಟು. ಸಾಮಾನ್ಯವಾಗಿ ಒಬ್ಬರು ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಹಿಡಿದು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಬಲ್ಲರು. ಎರಡೇ ಬೆರಳು ಹಿಡಿಸಿದರೆ ಅದನ್ನು ಗಮನಿಸಿ. ಯಾವ ದಿನ ಕಂಡಿತು, ಯಾವ ಕಡೆ, ಊಟದಲ್ಲಿ ಏನು ಬಿಟ್ಟರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ವೈದ್ಯರಿಗೆ. ಅದನ್ನು ಹಿಡಿದು ಹಿರಿಯರ ಮುಂದೆ ಆರೋಪಪಟ್ಟಿ ಓದಬೇಡಿ.

‘ಬೇಡ’ ಎನ್ನುವುದರ ಹಿಂದೆ ಏನಿದೆ ಎಂದು ಹುಡುಕಿ

ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ದೊಡ್ಡಪ್ಪ ಬಾಯಲ್ಲಿ ಹೇಳುತ್ತಿದ್ದ ಕಾರಣ ಒಂದೇ: “ಕೊನೆಕೊಯ್ಲು (ಅಡಿಕೆ ಗೊನೆಯ ಕೊಯ್ಲು) ಮುಗಿಯಲಿ.” ಮಲೆನಾಡಿನಲ್ಲಿ ಕೊಯ್ಲು ಅಕ್ಟೋಬರ್-ನವೆಂಬರಿಗೆ ಶುರುವಾದರೆ ಸುಲಿದು, ಬೇಯಿಸಿ, ಒಣಗಿಸುವ ಹೊತ್ತಿಗೆ ಮೂರು ನಾಲ್ಕು ತಿಂಗಳು ಕಳೆಯುತ್ತದೆ, ಆದ್ದರಿಂದ ಅದು ಸುಳ್ಳು ನೆಪವೇನಲ್ಲ. ಆದರೆ ಅದರ ಕೆಳಗೆ ಬೇರೆ ಮೂರು ಕಾರಣಗಳಿದ್ದವು, ಅವು ಹೊರಬಂದದ್ದು ಒಂದು ರಾತ್ರಿ ಅಡಿಕೆ ಸುಲಿಯುವಾಗ, ಮಗಳು ಮೆಟ್ಟುಗತ್ತಿಯ ಮುಂದೆ ಪಕ್ಕದಲ್ಲೇ ಕುಳಿತು, “ಡಾಕ್ಟರು ಏನು ಹೇಳಿಬಿಡುತ್ತಾರೆ ಅಂತ ಅನಿಸ್ತದೆ ಅಪ್ಪಯ್ಯ?” ಎಂದು ಕೇಳಿದಾಗ. ಮುಖ ನೋಡದೆ, ಕೈಗೆ ಕೆಲಸವಿದ್ದಾಗ ಇಂತಹ ಮಾತು ಸಲೀಸಾಗಿ ಬರುತ್ತದೆ.

ಮೊದಲನೆಯದು ಕವಳ ಬಿಡಿಸುತ್ತಾರೆಂಬ ಅಂಜಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದ ಬೆಳೆಗಾರನಿಗೆ ಈ ಮಾತು ತನ್ನ ತೋಟವನ್ನೇ ಬೈದಂತೆ ಕೇಳಿಸುತ್ತದೆ. ಆಸ್ಪತ್ರೆಗೆ ಹೋಗುವ ಮಾತನ್ನೂ ಕವಳ ಬಿಡುವ ಮಾತನ್ನೂ ಒಂದೇ ಉಸಿರಿನಲ್ಲಿ ಆಡಿದ್ದು ನಾವು ಮಾಡಿದ ದೊಡ್ಡ ತಪ್ಪು. ಬಿಡಿಸುವ ಕೆಲಸವನ್ನು ವೈದ್ಯರಿಗೆ ಬಿಡಿ.

ಎರಡನೆಯದು ಕತ್ತಿ ತಾಗಿಸಿದರೆ ಹುಣ್ಣು ಮೈಗೆಲ್ಲ ಹರಡುತ್ತದೆ ಎಂಬ ನಂಬಿಕೆ. ಊರಿನಲ್ಲಿ ಯಾರೋ ತಡವಾಗಿ ಹೋಗಿ, ಬಯಾಪ್ಸಿ ಆದ ತಿಂಗಳೊಳಗೆ ತೀರಿಕೊಂಡಿರುತ್ತಾರೆ, ಆ ಸಾವಿನ ಲೆಕ್ಕ ಬಯಾಪ್ಸಿಯ ಖಾತೆಗೆ ಹೋಗಿರುತ್ತದೆ. ವಾಸ್ತವದಲ್ಲಿ ಅದು ಜಾಗವನ್ನು ಮರಗಟ್ಟಿಸಿ ಪರೀಕ್ಷೆಗೆಂದು ಅಕ್ಕಿಕಾಳಿನಷ್ಟು ಚೂರು ತೆಗೆಯುವ ಸಣ್ಣ ಕೆಲಸವಾಗಿದ್ದು, ಅದರಿಂದ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಮೂರನೆಯದು ಖರ್ಚು. “ನಿಮ್ಮ ತಲೆ ಮೇಲೆ ಸಾಲ ಹಾಕಿ ಹೋಗಲಾ?” ಎಂಬ ಪ್ರಶ್ನೆಗೆ ಪ್ರೀತಿಯ ಮಾತಿಗಿಂತ ಲೆಕ್ಕವೇ ತಕ್ಕ ಉತ್ತರ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ.

ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು

ಹಬ್ಬಕ್ಕೆ ಎಲ್ಲರೂ ಸೇರಿದ ದಿನ ಸುತ್ತ ಕುಳಿತು ಹೇಳಬೇಡಿ. ಅದು ಪಂಚಾಯ್ತಿಯಾಗುತ್ತದೆ, ಸೋಲಲು ಇಷ್ಟವಿಲ್ಲದವರು ಇನ್ನಷ್ಟು ಬಿಗಿಯಾಗುತ್ತಾರೆ. ಬೆಂಗಳೂರಿನಿಂದ ಫೋನಿನಲ್ಲಿ ದಿನಕ್ಕೆ ಎರಡು ಸಲ ಕೇಳುವುದೂ ಅಷ್ಟೇ. ಮನೆಯಲ್ಲಿ ಯಾರ ಮಾತು ನಡೆಯುತ್ತದೆಯೋ ಅವರೊಬ್ಬರೇ, ಬೆಳಗಿನ ಕಾಫಿಯ ಹೊತ್ತಿನಲ್ಲಿ, ಕಂಡದ್ದನ್ನಷ್ಟೇ ಹೇಳಲಿ: “ಅಪ್ಪಯ್ಯ, ನೀನು ಇಪ್ಪತ್ತು ದಿನದಿಂದ ಎಡಗಡೆ ಅಗಿಯುತ್ತಿಲ್ಲ. ಹಲ್ಲಿನ ಚೂಪು ತಾಗಿಯೂ ಹೀಗೆ ಆಗ್ತದಂತೆ. ಒಮ್ಮೆ ನೋಡಿಸಿಬಿಡೋಣ.” ಇದರಲ್ಲಿ ಸುಳ್ಳಿಲ್ಲ: ಮುರಿದ ಹಲ್ಲಿನ ಅಂಚು ಅಥವಾ ಸರಿಹೊಂದದ ಕಟ್ಟಿಸಿದ ಹಲ್ಲು ನಿಜಕ್ಕೂ ಹುಣ್ಣು ಮಾಡುತ್ತದೆ. “ನನ್ನ ಹಲ್ಲು ತೋರಿಸಬೇಕು, ಜೊತೆಗೆ ಬಾ” ಎಂದು ಮೋಸದಿಂದ ಕರೆದೊಯ್ಯುವವರಿದ್ದಾರೆ. ಅದು ಒಂದು ಸಲ ನಡೆಯಬಹುದು, ಆದರೆ ಮತ್ತೆ ಮತ್ತೆ ಹೋಗಬೇಕಾದ ಕಾಯಿಲೆಯಲ್ಲಿ ಎರಡನೇ ಸಲ ಅವರು ಜೀಪು ಹತ್ತುವುದಿಲ್ಲ.

ಮೊದಲ ಭೇಟಿಯನ್ನು ಆದಷ್ಟು ಚಿಕ್ಕದಾಗಿಸಿ

ಮಣಿಪಾಲದ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಂದು ಆರಂಭದಲ್ಲೇ ಹೆಸರೆತ್ತಬೇಡಿ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರು ಅಥವಾ ಪೇಟೆಯ ಹಲ್ಲಿನ ಡಾಕ್ಟರು ಮೊದಲು ನೋಡಿದರೆ ಸಾಕು. ಹಲ್ಲು ಚೂಪಾಗಿದ್ದರೆ ಅವರೇ ಉಜ್ಜಿ ನುಣುಪು ಮಾಡಿ ಎರಡು ವಾರ ಬಿಟ್ಟು ಬರಹೇಳುತ್ತಾರೆ, ಅನುಮಾನವಿದ್ದರೆ ಮುಂದಕ್ಕೆ ಬರೆದುಕೊಡುತ್ತಾರೆ. “ಬರ್ತೀಯಾ?” ಎಂಬ ಪ್ರಶ್ನೆಗೆ “ಬೇಡ” ಎನ್ನುವುದು ಸುಲಭ, “ಗುರುವಾರವಾ, ಶುಕ್ರವಾರವಾ?” ಎಂದರೆ ಯೋಚಿಸಬೇಕಾಗುತ್ತದೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬರುವ ದಿನವನ್ನು ತಪ್ಪಿಸಿ, ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಯಾರು ನೋಡಿಕೊಳ್ಳುತ್ತಾರೆ, ಹಾಲು ಕರೆಯುವವರು ಯಾರು ಎಂಬುದನ್ನು ನೀವೇ ಗೊತ್ತುಮಾಡಿ. ಆಧಾರ್, ರೇಷನ್ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಬಿಪಿ-ಸಕ್ಕರೆಯ ಮಾತ್ರೆಗಳ ಪಟ್ಟಿ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ.

ವೈದ್ಯರ ಕೋಣೆಯಲ್ಲಿ

ಮಾತು ಹಿರಿಯರದೇ ಇರಲಿ. ಬರೆದಿಟ್ಟ ಚೀಟಿಯನ್ನು ಅವರಿಗೆ ತಿಳಿಸಿಯೇ ಕೊಡಿ. ವೈದ್ಯರನ್ನು ಪಕ್ಕಕ್ಕೆ ಕರೆದು “ಅವರಿಗೆ ಹೇಳಬೇಡಿ” ಎನ್ನುವ ಅಭ್ಯಾಸ ನಮ್ಮಲ್ಲಿ ಬಹಳವಿದೆ, ಅದು ಒಳ್ಳೆಯದಲ್ಲ. ಎದುರಿಗಿರುವವರ ಪಿಸುಮಾತು ಕಂಡಾಗ ಅವರು ಊಹಿಸಿಕೊಳ್ಳುವುದು ಸತ್ಯಕ್ಕಿಂತ ದೊಡ್ಡದಿರುತ್ತದೆ.

ಇಷ್ಟೆಲ್ಲ ಮಾಡಿಯೂ ಹಿರಿಯರು ವೈದ್ಯರ ಬಳಿಗೆ ಹೊರಡಲು ಒಪ್ಪದಿದ್ದರೆ ಜಗಳ ಬೇಡ. “ಇನ್ನು ಹತ್ತು ದಿನಕ್ಕೆ ಮಾಯದಿದ್ದರೆ ಹೋಗೋಣ” ಎಂದು ದಿನಾಂಕಕ್ಕೆ ಒಪ್ಪಿಸಿ, ಆ ದಿನ ಜ್ಞಾಪಿಸಿ. ಹಳ್ಳಿಯ ಆಶಾ ಕಾರ್ಯಕರ್ತೆಗೂ ಒಂದು ಮಾತು ಹೇಳಿಡಿ: 30 ವರ್ಷ ದಾಟಿದವರ ಬಿಪಿ, ಸಕ್ಕರೆಯ ಜೊತೆಗೆ ಬಾಯಿಯ ತಪಾಸಣೆಯೂ ಸರ್ಕಾರಿ ಕಾರ್ಯಕ್ರಮದಲ್ಲಿದೆ, ಮನೆಯವರ ಮಾತಿಗೆ ಬಗ್ಗದವರು ಅವರ ಮಾತಿಗೆ ಬಗ್ಗುವುದುಂಟು. ಆದರೆ ಬಾಯಿಂದ ರಕ್ತ ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ನೀರೂ ಇಳಿಯದಿದ್ದರೆ ಯಾವ ದಿನಾಂಕಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.

ದೊಡ್ಡಪ್ಪನ ಬಾಯಲ್ಲಿದ್ದದ್ದು ಕ್ಯಾನ್ಸರ್ ಅಲ್ಲ, ಮುಂದೆ ಹಾಗಾಗಬಹುದಾದ ಬಿಳಿ ಮಚ್ಚೆ ಎಂದು ವರದಿ ಬಂತು. ಕವಳ ಬಿಡಲು ವೈದ್ಯರೇ ಹೇಳಿದರು, ಮೂರು ತಿಂಗಳಿಗೊಮ್ಮೆ ತೋರಿಸಲೂ ಹೇಳಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯುವ ದಿನಗಳಿಗೆ ಅವರು ನೀಲಿ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ತಪಾಸಣೆಯ ದಿನವನ್ನೂ ಈಗ ಅಲ್ಲೇ, ಅದೇ ಪೆನ್ನಿನಲ್ಲಿ ಅವರ ಕೈಯಿಂದಲೇ ಗುರುತು ಹಾಕಿಸುತ್ತೇವೆ.